ಕ್ರಿಸ್‌ಮಸ್ ದೀಪದೋಣಿ ಮೆರವಣಿಗೆ: ಝಗಮಗಿಸುವ ಬೆಳಕಿನ ಹಿಂದಿನ ಸುರಕ್ಷತಾ ಲೆಕ್ಕಾಚಾರ ಏನು?

ಡಿಸೆಂಬರ್ ಬಂತೆಂದರೆ ಅಮೆರಿಕದ ಕರಾವಳಿ ಪಟ್ಟಣಗಳಲ್ಲಿ ಒಂದು ವಿಶಿಷ್ಟ ಮೆರವಣಿಗೆ ಹೊರಡುತ್ತದೆ. ಹತ್ತಾರು ದೋಣಿಗಳು, ಕೆಲವೆಡೆ ನೂರರ ಹತ್ತಿರ, ಮೈತುಂಬ ಬಣ್ಣದ ದೀಪ ತೊಟ್ಟು ಕತ್ತಲಲ್ಲಿ ಒಂದರ ಹಿಂದೆ ಒಂದು ಸಾಗುತ್ತವೆ. ದಡದಲ್ಲಿ ಸಾವಿರಾರು ಜನ, ದೋಣಿಗಳಲ್ಲಿ ಹಾಡು, ಸಂಗೀತ, ಸಾಂಟಾ ವೇಷ. ಕ್ಯಾಲಿಫೋರ್ನಿಯಾ, ಸಿಯಾಟಲ್, ಫ್ಲೋರಿಡಾದಲ್ಲಿ ನೆಲೆಸಿರುವ ಮಗನೋ ಮಗಳೋ ಕಳಿಸಿದ ವಿಡಿಯೋದಲ್ಲಿ ನೀವೂ ಇದನ್ನು ನೋಡಿರಬಹುದು.

ವಿಡಿಯೋದಲ್ಲಿ ಕಾಣದ ಭಾಗವೇ ಈ ಲೇಖನದ ವಿಷಯ. ರಾತ್ರಿ, ನೀರು, ವಿದ್ಯುತ್, ಪೆಟ್ರೋಲ್, ಜನಜಂಗುಳಿ, ಜೊತೆಗೆ ಹಬ್ಬದ ಗುಂಗು. ಇವುಗಳಲ್ಲಿ ಯಾವುದೇ ಎರಡು ಸೇರಿದರೂ ಅಪಾಯವೇ. ದೀಪದೋಣಿ ಮೆರವಣಿಗೆಯಲ್ಲಿ ಎಲ್ಲವೂ ಒಟ್ಟಿಗೆ ಇರುತ್ತವೆ. ಆದರೂ ಬಹುತೇಕ ವರ್ಷ ಏನೂ ಆಗದೆ ಸುಸೂತ್ರವಾಗಿ ಮುಗಿಯುತ್ತದೆ ಎಂದರೆ, ಅದಕ್ಕೆ ಕಾರಣ ತಿಂಗಳುಗಟ್ಟಲೆ ಮೊದಲೇ ಶುರುವಾಗುವ ಸಿದ್ಧತೆ.

ಶುರುವಾದದ್ದು ಕ್ರಿಸ್‌ಮಸ್‌ಗೆ ಅಲ್ಲ!

ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್ ಮೆರವಣಿಗೆ ಇಂಥವುಗಳಲ್ಲಿ ಬಹಳ ಹಳೆಯದು. ಜಾನ್ ಸ್ಕಾರ್ಪಾ ಎಂಬ ಇಟಲಿ ಮೂಲದ ದೋಣಿಗ 1907ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದು, ತನ್ನ ಗೊಂಡೋಲಾಕ್ಕೆ ಜಪಾನಿ ಕಾಗದದ ಲಾಂದ್ರಗಳನ್ನು ಕಟ್ಟಿ ಪ್ರವಾಸಿಗರನ್ನು ಕೊಲ್ಲಿ ದಾಟಿಸಿದ. ಮರುವರ್ಷ, 1908ರಲ್ಲಿ, ಅವನ ಗೊಂಡೋಲಾ ಹಿಂದೆ ದೀಪ ಕಟ್ಟಿದ ಎಂಟು ಪುಟ್ಟ ದೋಣಿಗಳು ಸಾಲಾಗಿ ಬಂದವು. ಮೆರವಣಿಗೆ ಹುಟ್ಟಿದ್ದು ಹೀಗೆ.

ಬೇಸಿಗೆಯ ಈ ಉತ್ಸವ ಬೆಳೆದೂ ಬೆಳೆದು ಊರಿನ ರಸ್ತೆಗಳು ವಾಹನಗಳಿಂದ ಕಟ್ಟಿಕೊಳ್ಳುವ ಮಟ್ಟಕ್ಕೆ ಬಂತು. ಆ ದಟ್ಟಣೆಯ ಕಾರಣಕ್ಕೇ 1949ರಲ್ಲಿ ಅದಕ್ಕೆ ಮಂಗಳ ಹಾಡಲಾಯಿತು. ಅಷ್ಟರಲ್ಲಿ, 1946ರಲ್ಲಿ, ನಗರಾಡಳಿತದ ನೌಕರರು ಒಂದು ಬಾರ್ಜ್ ಮೇಲೆ ಕ್ರಿಸ್‌ಮಸ್ ಮರ ನಿಲ್ಲಿಸಿ ಕೊಲ್ಲಿಯ ಸುತ್ತ ಎಳೆದುಕೊಂಡು ಹೋಗುವ ಪದ್ಧತಿ ಶುರುಮಾಡಿದ್ದರು. ಉಳಿದುಕೊಂಡದ್ದು ಅದೇ. ಈಗ ಅದು ಡಿಸೆಂಬರ್‌ನಲ್ಲಿ ಹಲವು ರಾತ್ರಿ ನಡೆಯುವ, ಸುಮಾರು 14 ಮೈಲಿ, ಅಂದರೆ 22 ಕಿ.ಮೀ.ಗೂ ಹೆಚ್ಚು ದೂರದ ಸುತ್ತು. ಸಿಯಾಟಲ್‌ನಲ್ಲಿ 1949ರಿಂದ ಹಾಡುಗಾರರ ತಂಡ ಹೊತ್ತ ಹಡಗು ದಡದಿಂದ ದಡಕ್ಕೆ ಹೋಗಿ ಕ್ಯಾರಲ್ ಹಾಡುವ ಸಂಪ್ರದಾಯವಿದೆ. ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನ ವಿಂಟರ್‌ಫೆಸ್ಟ್ ಮೆರವಣಿಗೆ ನಗರದೊಳಗಿನ ನ್ಯೂ ರಿವರ್‌ನಿಂದ ಹೊರಟು ಒಳನಾಡು ಜಲಮಾರ್ಗದಲ್ಲಿ ಪಾಂಪಾನೋ ಬೀಚ್‌ವರೆಗೆ ಸುಮಾರು 12 ಮೈಲಿ ಸಾಗುತ್ತದೆ.

ಸ್ವಾತಂತ್ರ್ಯ ದಿನದ ಉತ್ಸವ ನಿಂತದ್ದು ದೋಣಿ ಮುಳುಗಿ ಅಲ್ಲ, ರಸ್ತೆ ಕಟ್ಟಿಕೊಂಡು ಎನ್ನುವುದನ್ನು ಗಮನಿಸಿ. ನೀರಿನ ಮೇಲಿನ ಮೆರವಣಿಗೆಯ ಯೋಜನೆ ದಡದಿಂದಲೇ ಶುರುವಾಗಬೇಕು.

ಆಗಸ್ಟ್‌ಗಿಂತ ಮೊದಲೇ ಅರ್ಜಿ

ಅಮೆರಿಕದ ಸಂಚಾರಯೋಗ್ಯ ನೀರಿನಲ್ಲಿ ಇಂಥ ಮೆರವಣಿಗೆಗಳಿಗೆ ಅಲ್ಲಿನ ಕೋಸ್ಟ್ ಗಾರ್ಡ್‌ನ ಪ್ರತ್ಯೇಕ ನಿಯಮವೇ ಇದೆ. ಮಾಮೂಲಿ ಸಂಚಾರಕ್ಕಿಂತ ಭಿನ್ನವಾಗಿದ್ದು, ಜೀವಕ್ಕೆ ಹೆಚ್ಚುವರಿ ಅಪಾಯ ತರಬಹುದಾದ ಕಾರ್ಯಕ್ರಮವಾದರೆ ಆಯೋಜಕರು ಸಾಮಾನ್ಯವಾಗಿ 135 ದಿನ ಮೊದಲೇ ಅರ್ಜಿ ಕೊಡಬೇಕು. ಹಿಂದಿನ ವರ್ಷವೂ ಅದೇ ಜಾಗದಲ್ಲಿ, ಅದೇ ರೀತಿ ನಡೆಸಿದವರಿಗೆ 60 ದಿನ ಮೊದಲು ಕೊಟ್ಟರೂ ಸಾಕು. ಡಿಸೆಂಬರ್ ಮಧ್ಯದ ಮೆರವಣಿಗೆ ಹೊಸದಾಗಿದ್ದರೆ, ಜುಲೈ ಕೊನೆಯೊಳಗೆ ಕಾಗದಪತ್ರ ಸಿದ್ಧವಿರಬೇಕು ಎಂದಾಯಿತು.

ಅರ್ಜಿಯಲ್ಲಿ ಎಷ್ಟು ದೋಣಿ, ಎಷ್ಟು ಉದ್ದದವು, ಯಾವ ದಾರಿ, ಎಷ್ಟು ಹೊತ್ತು, ನೋಡಲು ಎಷ್ಟು ದೋಣಿ ಬರಬಹುದು, ಗಸ್ತಿಗೆ ಯಾರಿದ್ದಾರೆ ಎಂಬೆಲ್ಲ ವಿವರ ಇರುತ್ತದೆ. ಅಗತ್ಯ ಕಂಡರೆ ಕೋಸ್ಟ್ ಗಾರ್ಡ್ ಆ ಹೊತ್ತಿಗೆ ಆ ಜಲಭಾಗಕ್ಕೆ ಮಾತ್ರ ಅನ್ವಯಿಸುವ ವಿಶೇಷ ಸ್ಥಳೀಯ ನಿಯಮ ಹೊರಡಿಸುತ್ತದೆ. ಬೇರೆ ಹಡಗು, ಟಗ್‌ಗಳಿಗೆ ತಿಳಿಯಲೆಂದು ನಾವಿಕರ ಸೂಚನಾ ಪತ್ರದಲ್ಲೂ ಪ್ರಕಟಿಸುತ್ತದೆ. ಸ್ಥಳೀಯ ಬಂದರು ಗಸ್ತು, ಪೊಲೀಸ್, ಅಗ್ನಿಶಾಮಕ ದಳ, ಸೇತುವೆ ನಿರ್ವಾಹಕರು ಬೇರೆ ಬೇರೆ ಇಲಾಖೆಯವರು. ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸುವುದು ಆಯೋಜಕರ ಕೆಲಸ. ಮೆರವಣಿಗೆ ದಿನದ ಕೆಲಸಕ್ಕಿಂತ ಇದೇ ಕಷ್ಟ ಎನ್ನಬಹುದು.

ಅಲಂಕರಿಸಿದ ಮೇಲೆ ಅದು ಬೇರೆಯೇ ದೋಣಿ

ಹತ್ತು ಅಡಿ ಎತ್ತರದ ಹಿಮಸಾರಂಗ, ಪ್ಲೈವುಡ್ ಕೋಟೆ, ಗಾಳಿ ತುಂಬಿದ ಸಾಂಟಾ, ಛಾವಣಿಯ ಮೇಲೆ ಸ್ಪೀಕರ್, ಅದರ ಪಕ್ಕ ನಾಲ್ಕು ಜನ ನರ್ತಕರು. ನೋಡಲು ಚೆಂದ. ಆದರೆ ದೋಣಿಯ ಲೆಕ್ಕದಲ್ಲಿ ಇದೆಲ್ಲ ತೂಕ, ಅದೂ ಎತ್ತರದಲ್ಲಿ ಕೂತ ತೂಕ. ತೂಕ ಮೇಲೆ ಹೋದಷ್ಟೂ ದೋಣಿ ವಾಲಿದಾಗ ತಾನಾಗಿ ನೇರವಾಗುವ ಶಕ್ತಿ ಕಡಿಮೆಯಾಗುತ್ತದೆ. ಗಾಳಿ ತುಂಬಿದ ಬೊಂಬೆಗೆ ತೂಕವಿಲ್ಲ, ನಿಜ. ಆದರೆ ಪಕ್ಕದಿಂದ ಗಾಳಿ ಬೀಸಿದರೆ ಅದೇ ಹಾಯಿಯಾಗುತ್ತದೆ. ನಿಧಾನವಾಗಿ ಹೋಗುವ ದೋಣಿಯನ್ನು ಸಾಲಿನಿಂದ ಪಕ್ಕಕ್ಕೆ ತಳ್ಳಲು ಅಷ್ಟು ಸಾಕು.

ಸ್ಥಿರತೆ ಎಷ್ಟು ಮೋಸ ಮಾಡುತ್ತದೆ ಎನ್ನುವುದಕ್ಕೆ ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್‌ನಲ್ಲಿ 2005ರ ಅಕ್ಟೋಬರ್ 2ರಂದು ನಡೆದ ಈಥನ್ ಆಲನ್ ದುರಂತ ನೋಡಿ. ಅದು ಹಗಲು ಹೊತ್ತಿನ ಪ್ರವಾಸಿ ದೋಣಿ. 48 ಪ್ರಯಾಣಿಕರಿಗೆ ಅನುಮತಿ ಇತ್ತು, ಇದ್ದವರು 47. ಅಂದರೆ ಕಾಗದದ ಮೇಲೆ ಎಲ್ಲ ಸರಿ. ಆದರೆ ದೋಣಿಯ ಕ್ಯಾನ್ವಾಸ್ ಮೇಲ್ಹೊದಿಕೆ ತೆಗೆದು ಮರದ ಛಾವಣಿ ಹಾಕಲಾಗಿತ್ತು, ಸ್ಥಿರತೆಯ ಮರುಪರೀಕ್ಷೆ ಆಗಿರಲಿಲ್ಲ. ಪ್ರಯಾಣಿಕರ ಸರಾಸರಿ ತೂಕದ ಹಳೆಯ ಲೆಕ್ಕವೂ ವಾಸ್ತವಕ್ಕಿಂತ ಕಡಿಮೆ ಇತ್ತು. ಅಲೆ ಬಂತು, ತಿರುವು ತೆಗೆದುಕೊಂಡರು, ಜನ ಒಂದು ಪಕ್ಕಕ್ಕೆ ಜಾರಿದರು. ದೋಣಿ ಮಗುಚಿ 20 ಮಂದಿ ಸತ್ತರು.

ನಮ್ಮಲ್ಲಿ 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಜಲಕನ್ಯಕಾ ದೋಣಿ ಮಗುಚಿ 45 ಪ್ರವಾಸಿಗರು ಮೃತಪಟ್ಟಾಗಲೂ ಇಂಥದ್ದೇ ಮಾತು ಕೇಳಿಬಂದಿತ್ತು. ದಡದ ಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದಿದ್ದರು. ದೀಪದೋಣಿ ಮೆರವಣಿಗೆಯಲ್ಲಿ ನೋಡಲು ಪ್ರಾಣಿ ಇಲ್ಲದಿರಬಹುದು, ಕೈಬೀಸಲು ದಡ ಇದೆ, ಸೆಲ್ಫಿಗೆ ತೀರ್ಪುಗಾರರ ವೇದಿಕೆ ಇದೆ. ಎಲ್ಲರೂ ಒಂದೇ ಬದಿಗೆ ಹೋಗುವ ಕ್ಷಣ ಯಾವುದು ಎನ್ನುವುದು ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಯಾರು ಎಲ್ಲಿ ನಿಲ್ಲಬೇಕು ಎಂದು ಹೊರಡುವ ಮೊದಲೇ ಹೇಳಿ ಕೂರಿಸುವುದು ಚಾಲಕನ ಹೊಣೆ.

ಸಣ್ಣ ದೋಣಿಗಳಲ್ಲಿ ಎಷ್ಟು ಜನ, ಎಷ್ಟು ತೂಕ ಎಂದು ಬರೆದ ಫಲಕ ಇರುತ್ತದೆ. ಅಲಂಕಾರ, ಜನರೇಟರ್, ಬ್ಯಾಟರಿಯ ತೂಕವೂ ಆ ಲೆಕ್ಕದೊಳಗೇ ಬರಬೇಕು. ಎಂಟು ಜನರ ದೋಣಿಗೆ ನೂರು ಕಿಲೋ ಅಲಂಕಾರ ಹೇರಿದ ಮೇಲೆ ಅದು ಎಂಟು ಜನರ ದೋಣಿ ಅಲ್ಲ. ಎತ್ತರ ಹೆಚ್ಚಿದ್ದರಿಂದ ಸೇತುವೆಯ ತಳ, ದಾರಿಗೆ ಅಡ್ಡ ಹಾಯುವ ವಿದ್ಯುತ್ ತಂತಿ ತಾಗುತ್ತದೆಯೇ ಎಂದು ಮತ್ತೆ ಅಳೆಯಬೇಕು. ಉಬ್ಬರದ ಹೊತ್ತಿಗೆ ಸೇತುವೆ ಕೆಳಗಿನ ಜಾಗ ಇನ್ನಷ್ಟು ಕಿರಿದಾಗುತ್ತದೆ.

ಕೆಂಪು-ಹಸಿರಿನ ಗೊಂದಲ

ಈ ಮೆರವಣಿಗೆಯ ಅತಿ ವಿಚಿತ್ರ ಸಮಸ್ಯೆ ಇದು. ಕ್ರಿಸ್‌ಮಸ್‌ನ ಬಣ್ಣ ಕೆಂಪು ಮತ್ತು ಹಸಿರು. ರಾತ್ರಿ ಸಂಚಾರದಲ್ಲಿ ದೋಣಿಗಳು ಪರಸ್ಪರ ಮಾತಾಡುವ ಬಣ್ಣಗಳೂ ಅವೇ!

ನಿಯಮದ ಪ್ರಕಾರ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಯಂತ್ರದೋಣಿಯ ಎಡಬದಿಯಲ್ಲಿ ಕೆಂಪು, ಬಲಬದಿಯಲ್ಲಿ ಹಸಿರು, ಹಿಂದೆ ಬಿಳಿ, ಮೇಲೆ ಮುಂದಕ್ಕೆ ಕಾಣುವ ಇನ್ನೊಂದು ಬಿಳಿ ದೀಪ ಉರಿಯಬೇಕು. ಪಕ್ಕದ ದೀಪಗಳು ತಲಾ 112.5 ಡಿಗ್ರಿ, ಹಿಂದಿನದು 135 ಡಿಗ್ರಿ ಕೋನದಲ್ಲಿ ಮಾತ್ರ ಕಾಣುವಂತೆ ಇರುತ್ತವೆ. ಇದರ ಅನುಕೂಲ ದೊಡ್ಡದು. ಅಡ್ಡ ಬರುತ್ತಿರುವ ದೋಣಿಯ ಕೆಂಪು ದೀಪ ನಿಮಗೆ ಕಂಡರೆ ಅದು ನಿಮ್ಮ ಬಲದಿಂದ ಬರುತ್ತಿದೆ, ದಾರಿ ಬಿಡಬೇಕಾದವರು ನೀವು. ಹಸಿರು ಕಂಡರೆ ದಾರಿ ಬಿಡಬೇಕಾದವರು ಅವರು. ಬಿಳಿ ಮಾತ್ರ ಕಂಡರೆ ನೀವು ಅದರ ಬೆನ್ನ ಹಿಂದೆ ಇದ್ದೀರಿ. ಕತ್ತಲಲ್ಲಿ ದೋಣಿಯ ಆಕಾರ ಕಾಣದಿದ್ದರೂ ಅದು ಯಾವ ಕಡೆ ಮುಖ ಮಾಡಿದೆ ಎಂದು ಮೂರು ಬಣ್ಣಗಳು ಹೇಳಿಬಿಡುತ್ತವೆ.

ಈಗ ಆ ದೋಣಿಗೆ ಸಾವಿರ ಕೆಂಪು-ಹಸಿರು ಬಲ್ಬು ಸುತ್ತಿ. ಭಾಷೆಯೇ ಅಳಿಸಿಹೋಯಿತು. ಅದಕ್ಕೇ ಸಂಚಾರ ನಿಯಮದ 20ನೇ ಕಲಮು ಸಂಚಾರ ದೀಪವೆಂದು ತಪ್ಪಾಗಿ ಭಾವಿಸಬಹುದಾದ, ಅವುಗಳನ್ನು ಮಂಕಾಗಿಸುವ, ಕಾವಲು ನೋಟಕ್ಕೆ ಅಡ್ಡಿಪಡಿಸುವ ಬೇರೆ ದೀಪ ಹಚ್ಚಬಾರದು ಎನ್ನುತ್ತದೆ. ಅಕ್ಷರಶಃ ತೆಗೆದುಕೊಂಡರೆ ಇಡೀ ಮೆರವಣಿಗೆಯೇ ಕಷ್ಟ. ವ್ಯವಹಾರದಲ್ಲಿ ಆಯೋಜಕರು ಕಂಡುಕೊಂಡ ದಾರಿ ಎಂದರೆ, ಸಂಚಾರ ದೀಪಗಳ ಸುತ್ತ ಅಲಂಕಾರ ಬಿಟ್ಟು ಅವು ಸ್ಪಷ್ಟವಾಗಿ ಕಾಣುವಂತೆ ಇಡುವುದು, ದಾರಿಯಿಂದ ಬೇರೆ ಸಂಚಾರವನ್ನು ದೂರವಿಡುವುದು ಮತ್ತು ಗುಂಪು ಬಿಟ್ಟು ಹೊರಬರುವ ದೋಣಿ ಮೊದಲು ಅಲಂಕಾರದ ದೀಪ ಆರಿಸಬೇಕು ಎನ್ನುವುದು. ನನ್ನ ಪ್ರಕಾರ ಈ ಕೊನೆಯದು ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಬೇಗ ಮರೆತುಹೋಗುವುದೂ ಅದೇ.

ನೀಲಿ ಮಿಣುಕು ದೀಪಕ್ಕಂತೂ ಅಲ್ಲಿ ಅವಕಾಶವೇ ಇಲ್ಲ. ಅದು ಪೊಲೀಸ್ ಮತ್ತಿತರ ಕಾನೂನು ಜಾರಿ ದೋಣಿಗಳ ಗುರುತು. ಮೆರವಣಿಗೆಗೆ ಗಸ್ತು ಕೊಡುವ ಇತರ ಸಹಾಯಕ ದೋಣಿಗಳು ಕೆಂಪು ಮತ್ತು ಹಳದಿ ಒಂದಾದ ಮೇಲೊಂದು ಮಿಣುಕುವ ದೀಪ ಬಳಸಬಹುದು. ಮಿಣುಕುವ ಅಲಂಕಾರ ಬೇಡ ಎಂದು ಆಯೋಜಕರು ಹೇಳಿದರೆ ಅದು ರಸಭಂಗ ಅಲ್ಲ. ತುರ್ತಿನಲ್ಲಿ ಸಹಾಯದ ದೋಣಿ ಯಾವುದೆಂದು ತಿಳಿಯಬೇಕಲ್ಲ.

ಇನ್ನೊಂದು ಅಪಾಯ ದೋಣಿಯೊಳಗೇ ಇದೆ. ನಮ್ಮ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಪಕ್ಕದಲ್ಲೇ ಉರಿಯುವ ಒಂದು ಬಿಳಿ ಬಲ್ಬು ಅಷ್ಟನ್ನೂ ಕ್ಷಣದಲ್ಲಿ ಕೆಡಿಸುತ್ತದೆ. ಚಾಲಕನ ಎದುರಿನ ಗಾಜಿನಲ್ಲಿ ತನ್ನದೇ ದೋಣಿಯ ದೀಪಗಳು ಪ್ರತಿಫಲಿಸಿದರೆ ಅವನಿಗೆ ಹೊರಗೆ ಏನೂ ಕಾಣದು. ಹಾಗಾಗಿ ದೀಪಗಳು ಹೊರಮುಖವಾಗಿರಬೇಕು, ಚಾಲಕನ ಜಾಗ ಕತ್ತಲಾಗಿರಬೇಕು. ಮುಂಭಾಗದಲ್ಲಿ ಬೆಳಕಿನಿಂದಾಚೆ ಒಬ್ಬ ಕಾವಲುಗಾರ ಕೂರಬೇಕು. ಅವನಿಗೆ ಹಾಡು ಹೇಳುವ, ಫೋಟೋ ತೆಗೆಯುವ ಕೆಲಸ ಇರಬಾರದು. ನೋಡುವುದಷ್ಟೇ ಅವನ ಕೆಲಸ. ಕೇಳಿಸಿಕೊಳ್ಳುವುದೂ ಹೌದು, ಏಕೆಂದರೆ ಐದು ಅಥವಾ ಹೆಚ್ಚು ಚಿಕ್ಕ ಹಾರನ್ ಎಂದರೆ ಎದುರಿನ ದೋಣಿಯವನಿಗೆ ಅನುಮಾನ, ಅಪಾಯ ಎಂದರ್ಥ. ಸ್ಪೀಕರ್ ಅಬ್ಬರದಲ್ಲಿ ಅದು ಕಿವಿಗೆ ಬೀಳದಿದ್ದರೆ ನಿಯಮ ಇದ್ದೂ ಇಲ್ಲದಂತೆ.

ಕಾಣದ, ವಾಸನೆಯಿಲ್ಲದ ಶತ್ರು

ದೀಪಕ್ಕೆ ಕರೆಂಟ್ ಬೇಕು. ನೂರು ಬಲ್ಬಿನ ಹಳೆಯ ಮಾದರಿಯ ಮಿನಿ ಸರ ಸುಮಾರು 40 ವ್ಯಾಟ್ ಎಳೆಯುತ್ತದೆ. ಅದೇ ಎಲ್‌ಇಡಿ ಸರ ಐದಾರು ವ್ಯಾಟ್. ಐವತ್ತು ಸರ ಕಟ್ಟಿದರೆ ಹಳೆಯದಕ್ಕೆ 2,000 ವ್ಯಾಟ್, ಎಲ್‌ಇಡಿಗೆ 300 ವ್ಯಾಟ್ ಒಳಗೆ. ಈ ವ್ಯತ್ಯಾಸ ಬಿಲ್ಲಿನದ್ದಲ್ಲ, ಜೀವದ್ದು. ಮೊದಲನೆಯದಕ್ಕೆ ಜನರೇಟರ್ ಬೇಕು, ಎರಡನೆಯದು ಬ್ಯಾಟರಿ ಮತ್ತು ಇನ್ವರ್ಟರ್‌ನಲ್ಲಿ ನಡೆಯುತ್ತದೆ.

ಮನೆಗೆ ಬಳಸುವ ಪೆಟ್ರೋಲ್ ಜನರೇಟರ್ ಅನ್ನು ದೋಣಿಯ ಮೇಲಿಟ್ಟರೆ ಎರಡು ಕಷ್ಟ. ಒಂದು, ಬೆಂಕಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ, ಒಂದು ಕಿಡಿ ಸಾಕು. ಎರಡನೆಯದು ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ತಲೆಸುತ್ತು ಅದರ ಲಕ್ಷಣ. ಹಬ್ಬದ ರಾತ್ರಿ ದೋಣಿಯಲ್ಲಿ ಯಾರಾದರೂ ಹೀಗೆಂದರೆ ಪಕ್ಕದವರು ಅಲೆಯ ತೂಗಾಟಕ್ಕೆ ಎನ್ನುತ್ತಾರೆ, ಇಲ್ಲವೇ ಸ್ವಲ್ಪ ಜಾಸ್ತಿ ಕುಡಿದಿದ್ದಾನೆ ಎಂದು ಒಳಗೆ ಕರೆದೊಯ್ದು ಮಲಗಿಸುತ್ತಾರೆ. ಹೊಗೆ ತುಂಬಿದ ಕ್ಯಾಬಿನ್ನಿನಲ್ಲಿ ಮಲಗಿಸಿದರೆ ಅವರು ಏಳುವುದಿಲ್ಲ.

ಚಳಿಗೆ ಕಿಟಕಿ ಮುಚ್ಚಿರುತ್ತಾರೆ, ಅಲಂಕಾರದ ಪ್ಲಾಸ್ಟಿಕ್ ಹಾಳೆ ಗಾಳಿದಾರಿಗೆ ಅಡ್ಡ ಬಂದಿರುತ್ತದೆ. ನಿಧಾನವಾಗಿ ಹೋಗುವ ದೋಣಿಯ ಹೊಗೆ ಹಿಂದಿನಿಂದ ಸುತ್ತಿ ಒಳಗೇ ಬರಬಹುದು. ಎಂಜಿನ್ ಅಥವಾ ಜನರೇಟರ್ ಓಡುತ್ತಿರುವ ಬೇರೆ ದೋಣಿಯಿಂದ ಕನಿಷ್ಠ 20 ಅಡಿ ದೂರ ನಿಲ್ಲಿ ಎನ್ನುವುದು ಅಮೆರಿಕದ ಕೋಸ್ಟ್ ಗಾರ್ಡ್ ಸಲಹೆ. ಸಾಲಿನಲ್ಲಿ ಸಾಗುವಾಗ ಆ ಅಂತರ ಸುಲಭ. ಕಷ್ಟ ಇರುವುದು ಹೊರಡುವ ಮೊದಲು ಎಲ್ಲ ದೋಣಿಗಳೂ ಒತ್ತೊತ್ತಾಗಿ ಕಾಯುವ ಜಾಗದಲ್ಲಿ. ಅಲ್ಲಿ ಅರ್ಧ ಗಂಟೆ ತಡವಾದರೆ ಎಲ್ಲರೂ ಎಲ್ಲರ ಹೊಗೆ ಕುಡಿಯುತ್ತಾರೆ. ಇನ್ನೂರು ಮುನ್ನೂರು ಡಾಲರ್ ಅಲಂಕಾರಕ್ಕೆ ಸುರಿಯುವವರು ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂಗೆ ಹಿಂದೆಮುಂದೆ ನೋಡುವುದು ಅರ್ಥವಾಗದ ಮಾತು.

ಬ್ಯಾಟರಿಗೂ ಎಚ್ಚರಿಕೆ ಬೇಕು. 2019ರ ಸೆಪ್ಟೆಂಬರ್ 2ರಂದು ಕ್ಯಾಲಿಫೋರ್ನಿಯಾ ತೀರದಾಚೆ ಕನ್ಸೆಪ್ಷನ್ ಎಂಬ ಡೈವಿಂಗ್ ದೋಣಿ ರಾತ್ರಿ ಹೊತ್ತಿ ಉರಿದು, ಕೆಳಗೆ ಮಲಗಿದ್ದ 34 ಜನ ಸತ್ತರು. ಅವರಲ್ಲಿ ಭಾರತೀಯ ಮೂಲದವರೂ ಇದ್ದರು. ದೋಣಿ ಸುಟ್ಟು ಮುಳುಗಿದ್ದರಿಂದ ಬೆಂಕಿಯ ಮೂಲ ಕಾರಣ ಖಚಿತವಾಗಲಿಲ್ಲ. ಆದರೆ ಲಿಥಿಯಂ ಬ್ಯಾಟರಿಗಳನ್ನು ಚಾರ್ಜ್‌ಗೆ ಹಾಕಿದ್ದ ಜಾಗದ ಬಗ್ಗೆ ತನಿಖೆಯಲ್ಲಿ ಚರ್ಚೆಯಾಯಿತು, ರಾತ್ರಿ ಗಸ್ತಿಗೆ ಯಾರೂ ಎಚ್ಚರವಿರಲಿಲ್ಲ ಎನ್ನುವುದು ದೃಢಪಟ್ಟಿತು. ಕ್ಯಾಪ್ಟನ್‌ಗೆ ಜೈಲು ಶಿಕ್ಷೆಯೂ ಆಯಿತು. ಅಲಂಕಾರದ ಬ್ಯಾಟರಿಯನ್ನು ಯಾರೂ ನೋಡದ ಮೂಲೆಯಲ್ಲಿ ಚಾರ್ಜ್‌ಗಿಟ್ಟು ಊಟಕ್ಕೆ ಹೋಗಬಾರದು ಎನ್ನುವುದಕ್ಕೆ ಇಷ್ಟು ಸಾಕು.

ದೋಣಿ ದಕ್ಕೆಗೆ ಕಟ್ಟಿರುವಾಗ ದಡದ ಕರೆಂಟಿನಿಂದ ದೀಪ ಪರೀಕ್ಷಿಸುವುದು ವಾಡಿಕೆ. ಸೋರುವ ವೈರ್ ನೀರಿಗೆ ತಾಗಿದರೆ ಸುತ್ತಲಿನ ನೀರಿನಲ್ಲೇ ವಿದ್ಯುತ್ ಹರಿಯುತ್ತದೆ. ಸಿಹಿನೀರಿನಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಆ ನೀರಿಗಿಂತ ಮನುಷ್ಯನ ದೇಹವೇ ಒಳ್ಳೆಯ ವಾಹಕ. ಬಿದ್ದ ಬಲ್ಬಿನ ಸರ ತೆಗೆಯಲು ಯಾರೂ ನೀರಿಗೆ ಇಳಿಯಬಾರದು. ನೀರಿಗೆ ಜಾರಿದ ವೈರ್, ಬಟ್ಟೆ, ಪ್ಲಾಸ್ಟಿಕ್ ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ದೋಣಿ ಸಾಲಿನ ಮಧ್ಯೆಯೇ ನಿಲ್ಲುತ್ತದೆ.

ಬ್ರೇಕ್ ಇಲ್ಲದ ವಾಹನಗಳ ಸಾಲು

ದಸರಾ ಮೆರವಣಿಗೆಯಲ್ಲಿ ಮುಂದಿನ ಸ್ತಬ್ಧಚಿತ್ರ ನಿಂತರೆ ಹಿಂದಿನ ಲಾರಿ ಬ್ರೇಕ್ ಹಾಕುತ್ತದೆ. ದೋಣಿಗೆ ಬ್ರೇಕ್ ಇಲ್ಲ. ನಿಲ್ಲಿಸಲು ಎಂಜಿನ್ ಹಿಂದಕ್ಕೆ ತಿರುಗಿಸಬೇಕು, ಆಗಲೂ ಅದು ಜಾರುತ್ತ ಹೋಗುತ್ತದೆ. ಇನ್ನು ತೀರಾ ನಿಧಾನ ಮಾಡಿದರೆ ಚುಕ್ಕಾಣಿಗೆ ನೀರಿನ ಹಿಡಿತ ಸಿಗದೆ ದೋಣಿ ಮಾತು ಕೇಳುವುದಿಲ್ಲ. ಹಿಂದಿನಿಂದ ಸೆಳೆತ ಇದ್ದರಂತೂ ನಿಯಂತ್ರಣ ಇನ್ನೂ ಕಷ್ಟ. ಮೆರವಣಿಗೆಯ ವೇಗ ಈ ಎರಡರ ನಡುವೆ ಇರಬೇಕು. ಸಾಮಾನ್ಯವಾಗಿ ಅದು 5 ನಾಟ್ ಆಸುಪಾಸು, ಅಂದರೆ ಗಂಟೆಗೆ 9 ಕಿ.ಮೀ. ಓಡುನಡಿಗೆಯ ವೇಗ ಅನ್ನಿ.

ಸಣ್ಣ ಲೆಕ್ಕ ಮಾಡೋಣ. 80 ದೋಣಿ, ಮಧ್ಯೆ 50 ಮೀಟರ್ ಅಂತರ ಎಂದರೆ ಸಾಲಿನ ಉದ್ದ ಹತ್ತಿರ ಹತ್ತಿರ 4 ಕಿ.ಮೀ. 5 ನಾಟ್ ವೇಗದಲ್ಲಿ ಅದು ಒಂದು ಜಾಗ ದಾಟಲು 26 ನಿಮಿಷ ಬೇಕು. ಅಂತರ 100 ಮೀಟರ್‌ಗೆ ಹಿಗ್ಗಿದರೆ ಹೆಚ್ಚುಕಡಿಮೆ ಒಂದು ಗಂಟೆ. ಫೋರ್ಟ್ ಲಾಡರ್‌ಡೇಲ್‌ನಂಥ ಕಡೆ ದಾರಿಯಲ್ಲಿ ಮೇಲೆದ್ದು ತೆರೆದುಕೊಳ್ಳುವ ಸೇತುವೆಗಳಿವೆ. ಸೇತುವೆ ತೆರೆದಿರುವಷ್ಟು ಹೊತ್ತು ಮೇಲಿನ ರಸ್ತೆ ಬಂದ್, ಆಂಬುಲೆನ್ಸ್‌ಗೂ ದಾರಿಯಿಲ್ಲ. ಸೇತುವೆಯ ವೇಳಾಪಟ್ಟಿ ಬದಲಿಸಲು ಮತ್ತೆ ಕೋಸ್ಟ್ ಗಾರ್ಡ್ ಒಪ್ಪಿಗೆ ಬೇಕು. ಎತ್ತರದ ಮಾಸ್ಟ್ ಇರುವ ದೋಣಿಗಳನ್ನೆಲ್ಲ ಒಂದೇ ಗುಂಪಾಗಿ ಇಟ್ಟರೆ ಈ ಹೊತ್ತು ಬಹಳ ಉಳಿಯುತ್ತದೆ. ಚಂದಕ್ಕೆಂದು ದೊಡ್ಡದು-ಸಣ್ಣದು ಬೆರೆಸಿ ನಿಲ್ಲಿಸುವವರು ಈ ಲೆಕ್ಕ ಮಾಡಿರುವುದಿಲ್ಲ.

ಅಂತರ ಹಿಗ್ಗುವುದು ಕುಗ್ಗುವುದು ಟ್ರಾಫಿಕ್ ಜಾಮಿನಂತೆಯೇ. ಮೊದಲ ದೋಣಿ ತೀರ್ಪುಗಾರರ ಮುಂದೆ ಸ್ವಲ್ಪ ನಿಧಾನಿಸಿದರೆ ಹತ್ತನೆಯದು ನಿಲ್ಲುತ್ತದೆ, ಮೂವತ್ತನೆಯದು ಮುಂದಿನದಕ್ಕೆ ತಾಗುವಂತಾಗುತ್ತದೆ, ಆಮೇಲೆ ಹಿಂದಿನವರು ಖಾಲಿ ಜಾಗ ಮುಚ್ಚಲು ವೇಗ ಹೆಚ್ಚಿಸುತ್ತಾರೆ. ಆದ್ದರಿಂದ ಮುಂದಾಳು ದೋಣಿಯ ಚಾಲಕನಿಗೆ ಒಂದೇ ಸೂಚನೆ, ಯಾರು ಕರೆದರೂ ವೇಗ ಬದಲಿಸಬೇಡ. ಸಾಲನ್ನು ಎಂಟ್ಹತ್ತು ದೋಣಿಗಳ ಗುಂಪು ಮಾಡಿ ಪ್ರತಿ ಗುಂಪಿಗೂ ಒಬ್ಬ ಮಾರ್ಷಲ್ ಇಡುತ್ತಾರೆ. ಎಲ್ಲರ ಹಿಂದೆ ಅಲಂಕಾರವಿಲ್ಲದ ಒಂದು ದೋಣಿ, ಯಾರೂ ಹಿಂದೆ ಉಳಿದಿಲ್ಲ ಎಂದು ನೋಡಿಕೊಂಡು ಬರುತ್ತದೆ. ಕೆಟ್ಟುನಿಂತ ದೋಣಿಯನ್ನು ಎಳೆಯಲು ಬೇರೆ ಟೋ ದೋಣಿ. ಸಾಲಿನಲ್ಲಿ ಯಾರೂ ಯಾರನ್ನೂ ಹಿಂದೆ ಹಾಕುವಂತಿಲ್ಲ.

ಮಾತುಕತೆ ವಿಎಚ್‌ಎಫ್ ರೇಡಿಯೋದಲ್ಲಿ. 16ನೇ ಚಾನೆಲ್ ಅಪಾಯದ ಕರೆಗೆ ಮೀಸಲು, ಮೆರವಣಿಗೆಯ ಮಾತು 68, 72ರಂಥ ಬೇರೆ ಚಾನೆಲ್‌ನಲ್ಲಿ. ಮೊಬೈಲ್ ಇದೆಯಲ್ಲ ಎನ್ನಬಹುದು. ಮೊಬೈಲ್‌ನಲ್ಲಿ ಇಬ್ಬರು ಮಾತ್ರ ಮಾತಾಡುತ್ತಾರೆ, ರೇಡಿಯೋದಲ್ಲಿ ಒಬ್ಬ ಹೇಳಿದ್ದು ಎಲ್ಲರಿಗೂ ಕೇಳುತ್ತದೆ, ವ್ಯತ್ಯಾಸ ಅದು. ಪ್ರತಿ ದೋಣಿಗೂ ದೊಡ್ಡ ಸಂಖ್ಯೆ ಇರುತ್ತದೆ. ‘ಆ ಹಿಮಸಾರಂಗದ ದೋಣಿ’ ಎಂದು ಹೇಳಿದರೆ ಪ್ರಯೋಜನವಿಲ್ಲ, ಹಿಮಸಾರಂಗ ಹನ್ನೆರಡು ಇರುತ್ತವೆ. ಇದನ್ನೆಲ್ಲ ಹೇಳಲು ಚಾಲಕರ ಸಭೆ ನಡೆಯುತ್ತದೆ. ಸಭೆಗೆ ಬಾರದವರಿಗೆ ಸಂಖ್ಯೆ ಕೊಡದಿರುವುದೇ ಒಳ್ಳೆಯ ಪದ್ಧತಿ.

ಗಾಳಿ ಎಷ್ಟಾದರೆ ರದ್ದು ಎನ್ನುವುದನ್ನು ಮೊದಲೇ ಬರೆದಿಡಬೇಕು, ನಿರ್ಧಾರ ಒಬ್ಬರ ಕೈಯಲ್ಲಿರಬೇಕು. ಆ ಸಂಜೆ ಪ್ರಾಯೋಜಕರು, ಟಿವಿಯವರು, ದಡದಲ್ಲಿ ಕಾದ ಜನ ಎಲ್ಲರ ಒತ್ತಡವೂ ‘ಇರಲಿ, ನಡೆಸೋಣ’ ಎನ್ನುವ ಕಡೆಗೇ ಇರುತ್ತದೆ. ಅಂಕಿ ಕಾಗದದಲ್ಲಿದ್ದರೆ ಮಾತ್ರ ಯಾರಾದರೂ ಬೇಡ ಎನ್ನಲು ಸಾಧ್ಯ.

ಒಬ್ಬರು ನೀರಿಗೆ ಬಿದ್ದರೆ

ಚಳಿನೀರಿನ ಬಗ್ಗೆ ಅಲ್ಲಿ 1-10-1 ಎಂಬ ಸೂತ್ರ ಕಲಿಸುತ್ತಾರೆ. ಬಿದ್ದ ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ಸಿಗದು, ತಾನಾಗಿ ಏದುಸಿರು ಬರುತ್ತದೆ. ನಂತರ ಸುಮಾರು 10 ನಿಮಿಷ ಮಾತ್ರ ಕೈಕಾಲು ಹೇಳಿದಂತೆ ಕೇಳುತ್ತವೆ. ಪ್ರಜ್ಞೆ ತಪ್ಪಲು 1 ಗಂಟೆ ಇರುತ್ತದೆ. ಆದರೆ ಲೈಫ್ ಜಾಕೆಟ್ ಇಲ್ಲದವರಿಗೆ ಆ ಒಂದು ಗಂಟೆ ಸಿಗುವುದೇ ಇಲ್ಲ. ಮೊದಲ ನಿಮಿಷದ ಏದುಸಿರಿನಲ್ಲೇ ನೀರು ಒಳಹೋಗುತ್ತದೆ. ಈಜು ಬರುತ್ತದೆ ಎನ್ನುವವರಿಗೂ ಇದು ಅನ್ವಯ. ಸಿಯಾಟಲ್‌ನ ಡಿಸೆಂಬರ್ ನೀರು ನಮ್ಮ ಕಾವೇರಿಯಲ್ಲ.

ಅಮೆರಿಕದ ಕೋಸ್ಟ್ ಗಾರ್ಡ್ ಅಂಕಿಅಂಶದಂತೆ 2022ರಲ್ಲಿ ವಿಹಾರ ದೋಣಿ ಅಪಘಾತಗಳಲ್ಲಿ 636 ಮಂದಿ ಸತ್ತರು. ಕಾರಣ ತಿಳಿದ ಸಾವುಗಳಲ್ಲಿ ಶೇ.75 ಮುಳುಗಿ ಆದವು, ಮುಳುಗಿದವರಲ್ಲಿ ಶೇ.85 ಜನ ಲೈಫ್ ಜಾಕೆಟ್ ಹಾಕಿರಲಿಲ್ಲ. ಜೀವಹಾನಿಯಾದ ಅಪಘಾತಗಳಲ್ಲಿ ಗೊತ್ತಾದ ಕಾರಣಗಳ ಪೈಕಿ ಮೊದಲ ಸ್ಥಾನ ಮದ್ಯದ್ದು. ಕ್ಯಾಲಿಫೋರ್ನಿಯಾದಲ್ಲಿ ಸಾಗುತ್ತಿರುವ ದೋಣಿಯಲ್ಲಿ 13 ವರ್ಷದೊಳಗಿನ ಮಕ್ಕಳಿಗೆ ಜಾಕೆಟ್ ಕಡ್ಡಾಯ, ಕೆಲವೇ ವಿನಾಯಿತಿಗಳುಂಟು. ಫ್ಲೋರಿಡಾದಲ್ಲಿ 26 ಅಡಿಗಿಂತ ಚಿಕ್ಕ ದೋಣಿಯಲ್ಲಿ 6 ವರ್ಷದೊಳಗಿನವರಿಗೆ ಮಾತ್ರ. ದೊಡ್ಡವರು ಹಾಕಿಕೊಳ್ಳಲೇಬೇಕೆಂದಿಲ್ಲ, ದೋಣಿಯಲ್ಲಿ ಇದ್ದರೆ ಸಾಕು. ರಾತ್ರಿಯ ಮೆರವಣಿಗೆಗೆ ಈ ರಿಯಾಯಿತಿ ಸರಿಯಲ್ಲ ಎಂದೇ ಅನಿಸುತ್ತದೆ. ಸಾಂಟಾ ವೇಷದ ಮೇಲೆ ಜಾಕೆಟ್ ಚೆನ್ನಾಗಿ ಕಾಣುವುದಿಲ್ಲ ಎನ್ನುವ ದೂರಿಗೆ ಜಾಕೆಟ್‌ಗೂ ದೀಪ ಸುತ್ತಿ ಎನ್ನುವುದೇ ಉತ್ತರ.

ಯಾರಾದರೂ ಬಿದ್ದರೆ ಆ ದೋಣಿಯವರಲ್ಲಿ ಒಬ್ಬರು ಕಣ್ಣು ಕೀಳದೆ ಬಿದ್ದವರ ಕಡೆ ಬೆರಳು ತೋರಿಸುತ್ತಲೇ ಇರಬೇಕು. ಝಗಮಗ ಬೆಳಕಿನಲ್ಲಿ ಕಪ್ಪು ನೀರಿನ ಮೇಲಿನ ತಲೆ ಒಮ್ಮೆ ತಪ್ಪಿಹೋದರೆ ಮತ್ತೆ ಸಿಗುವುದು ಕಷ್ಟ. ಹಿಂದೆಯೇ ಇನ್ನೊಂದು ದೋಣಿ ಬರುತ್ತಿದೆ, ಅದರ ಪ್ರೊಪೆಲ್ಲರ್ ತಿರುಗುತ್ತಿದೆ. ರೇಡಿಯೋದಲ್ಲಿ ಕರೆ ಕೊಟ್ಟ ಕೂಡಲೇ ಆ ಗುಂಪಿನ ಹಿಂದಿನ ದೋಣಿಗಳೆಲ್ಲ ಎಂಜಿನ್ ನ್ಯೂಟ್ರಲ್‌ಗೆ ತರಬೇಕು.

ನೋಡಲು ಬಂದವರು, ವಾಪಸು ಹೋಗುವವರು

ಮೆರವಣಿಗೆಯ ದೋಣಿಗಳಿಗೆ ಸಂಖ್ಯೆ ಇದೆ, ಸಭೆ ಆಗಿದೆ, ಮಾರ್ಷಲ್ ಇದ್ದಾರೆ. ನೋಡಲು ಬರುವ ದೋಣಿಗಳಿಗೆ ಇದ್ಯಾವುದೂ ಇಲ್ಲ. ಅವುಗಳಲ್ಲೂ ಹುಟ್ಟು ಹಾಕುವ ಕಯಾಕ್‌ಗಳು ಗಸ್ತಿನವರಿಗೆ ದೊಡ್ಡ ತಲೆನೋವು. ನೀರಿನ ಮಟ್ಟಕ್ಕೇ ಇರುವ ಕಪ್ಪು ವಸ್ತು, ಬೆಳಕಿನ ಸಾಲಿನ ಪಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ. ಡಿಕ್ಕಿ ತಪ್ಪಿಸಲು ಸಮಯಕ್ಕೆ ತೋರಿಸುವಂತೆ ಒಂದು ಬಿಳಿ ಟಾರ್ಚ್ ಕೈಗೆಟುಕುವಂತಿರಬೇಕು ಎನ್ನುವುದು ನಿಯಮದ ಕನಿಷ್ಠ ಬೇಡಿಕೆ. ಇದ್ದರೂ ಸಾಲು ದಾಟಿ ಆಚೆ ದಡಕ್ಕೆ ಹೋಗುವ ಸಾಹಸ ಬೇಡ.

ಮುಗಿದ ಮೇಲಿನ ಅರ್ಧ ಗಂಟೆ ಇನ್ನೂ ಸೂಕ್ಷ್ಮ. 2014ರ ಜುಲೈ 4ರ ರಾತ್ರಿ ಮಯಾಮಿಯ ಬಿಸ್ಕೇನ್ ಕೊಲ್ಲಿಯಲ್ಲಿ ಸ್ವಾತಂತ್ರ್ಯ ದಿನದ ಬಾಣಬಿರುಸು ನೋಡಿ ಎಲ್ಲರೂ ಮರಳುತ್ತಿದ್ದಾಗ ದೋಣಿಗಳು ಡಿಕ್ಕಿಯಾಗಿ ನಾಲ್ವರು ಸತ್ತರು. ಉತ್ಸವ ನಡೆಯುವಾಗ ಎಲ್ಲರ ಕಣ್ಣೂ ಅಲ್ಲಿರುತ್ತದೆ. ಮುಗಿದ ಮೇಲೆ ಗಸ್ತು ಸಡಿಲವಾಗುತ್ತದೆ, ಎಲ್ಲರಿಗೂ ಮನೆಗೆ ಹೋಗುವ ಅವಸರ.

ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪುಷ್ಯ ಹುಣ್ಣಿಮೆಯಂದು ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಗೆ ಮೀನುಗಾರರು ದೋಣಿ ಸಿಂಗರಿಸಿಕೊಂಡು ಹೋಗುವುದು ನಮ್ಮದೇ ಹಬ್ಬದ ದೋಣಿ ಸಾಲು. 2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ಹೋಗುವಾಗ ಅಲ್ಲ, ಬರುವಾಗ. ಮುಂಬೈ ಕನ್ನಡಿಗರಿಗೆ 2024ರ ಡಿಸೆಂಬರ್ 18 ನೆನಪಿರುತ್ತದೆ. ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ನೀಲ್ ಕಮಲ್ ದೋಣಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಗುದ್ದಿ 15 ಜನ ಮೃತಪಟ್ಟರು. ಆಮೇಲಷ್ಟೇ ಅಲ್ಲಿ ಪ್ರಯಾಣಿಕರಿಗೆ ಲೈಫ್ ಜಾಕೆಟ್ ಕಡ್ಡಾಯ ಎಂಬ ಮಾತು ಬಿಗಿಯಾಯಿತು.

ಭಾರತದಲ್ಲಿ 2021ರ ಒಳನಾಡು ನೌಕೆಗಳ ಕಾಯ್ದೆ ಯಂತ್ರದೋಣಿಗಳ ನೋಂದಣಿ, ತಪಾಸಣೆ, ಸಿಬ್ಬಂದಿ ಅರ್ಹತೆ ಬಗ್ಗೆ ಹೇಳುತ್ತದೆ. ತೀರ್ಥಹಳ್ಳಿಯ ತುಂಗೆಯಲ್ಲಿ, ನಂಜನಗೂಡಿನ ಕಪಿಲೆಯಲ್ಲಿ ನಡೆಯುವ ತೆಪ್ಪೋತ್ಸವಗಳಲ್ಲಿ ದೀಪ ಹೊತ್ತ ತೆಪ್ಪ ಒಂದೇ, ಅದು ದಡದ ಹತ್ತಿರವೇ ಸುತ್ತುತ್ತದೆ. ಹಾಗಾಗಿ ದೋಣಿ ದೋಣಿಗೆ ತಾಗುವ ಭಯ ಅಷ್ಟಿಲ್ಲ, ಅಲ್ಲಿನ ಅಪಾಯ ಮೆಟ್ಟಿಲಿನ ನೂಕುನುಗ್ಗಲಿನದ್ದು.

ಈ ಡಿಸೆಂಬರ್‌ನಲ್ಲಿ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವವರು ಮೆರವಣಿಗೆ ನೋಡಬೇಕೆಂದಿದ್ದರೆ ದಡವೇ ಒಳ್ಳೆಯ ಜಾಗ. ದೋಣಿಯಲ್ಲೇ ಹೋಗುವುದಾದರೆ ಪರಿಚಯದವರ ಸಣ್ಣ ದೋಣಿಗಿಂತ ಪರವಾನಗಿ ಪಡೆದ ಪ್ರವಾಸಿ ಹಡಗು ಮೇಲು. ಹತ್ತಿದ ಕೂಡಲೇ ಜಾಕೆಟ್ ಎಲ್ಲಿದೆ ಎಂದು ಕೇಳಿ ನೋಡಿಕೊಳ್ಳಿ. ಮೊಮ್ಮಕ್ಕಳ ಅಳತೆಯದ್ದು ಇದೆಯೇ ಎಂದೂ ಕೇಳಿ, ದೊಡ್ಡವರ ಜಾಕೆಟ್‌ನಿಂದ ಮಗು ಕೆಳಗೆ ಜಾರಿಬಿಡುತ್ತದೆ. ದಡದಲ್ಲಿ ನಿಂತು ನೋಡುವಾಗ ಕ್ಯಾಮೆರಾದ ಫ್ಲ್ಯಾಶ್ ಮತ್ತು ಲೇಸರ್ ಆಟಿಕೆಯನ್ನು ಚಾಲಕರ ಕಡೆ ತಿರುಗಿಸಬೇಡಿ. ನೀರಿನತ್ತ ಬಾಗಿದ ಜೆಟ್ಟಿಯ ಮೇಲೆ ಜನ ಹೆಚ್ಚಾದರೆ ಅಲ್ಲಿಂದ ಇಳಿದು ಸ್ವಲ್ಪ ದೂರ ನಿಲ್ಲಿ, ಸಾಲು ಉದ್ದವಿದೆ, ಅರ್ಧ ಗಂಟೆ ಬೇಕಾದೀತು.